ಫೈನಾನ್ಸ್ ಮೇಷ್ಟ್ರ ಹದಿನೈದನೇ ಶಿಷ್ಯೆ

ಬೆಚ್ಚಿಬೀಳುವುದು ನನ್ನ ಹುಟ್ಟುಗುಣ. ಕುಕ್ಕರ್ ಕೂಗಿದರೆ ಬೆಚ್ಚುತ್ತೇನೆ. ಕೂಗದಿದ್ದರೆ, ಇನ್ನೂ ಯಾಕೆ ಕೂಗಲಿಲ್ಲ ಎಂದು ಬೆಚ್ಚುತ್ತೇನೆ. ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿ ಇದನ್ನು ಮೃದು ಹೃದಯವೆಂದು ತಪ್ಪು ತಿಳಿದು ಸಂತೋಷಪಟ್ಟಿದ್ದಳಂತೆ. ಈಗ ಆಕೆ, 'ನಿಮ್ಮದು ಎದೆಯಲ್ಲ ಕಣ್ರೀ, ವೈಬ್ರೇಷನ್‌ಗೆ ಇಟ್ಟಿರೋ ಮೊಬೈಲು' ಎನ್ನುತ್ತಾಳೆ. ಇಂಥ ನಾನು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ವಿಷಯ ಯಾವುದೆಂದರೆ ಹಣಕಾಸು ನಿರ್ವಹಣೆ. ಲಾಭ ಬಂದರೂ ಹಿಗ್ಗದೆ, ನಷ್ಟ ಬಂದರೂ ಕುಗ್ಗದೆ, ತಲೆ ತಣ್ಣಗಿಟ್ಟುಕೊಂಡು ತೀರ್ಮಾನ ತೆಗೆದುಕೊಳ್ಳುವುದು ಹೇಗೆಂದು ಕಲಿಸುವ ವಿಷಯ ಅದು. ಹದಿನಾರು ವರ್ಷ ಕಲಿಸಿದೆ. ನನಗೆ ಮಾತ್ರ ಅದು ಹತ್ತಲಿಲ್ಲ. ಊರಿಗೆಲ್ಲ ಈಜು ಕಲಿಸುವವನು ಬಾವಿಯ ಮೆಟ್ಟಿಲ ಮೇಲೇ ಕೂತಿರುತ್ತಾನಲ್ಲ, ಹಾಗೆ.

ಕಲಿಸಿದೆ ಎಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾನು ಅತಿಥಿ ಉಪನ್ಯಾಸಕ. ನಮ್ಮ ಕಡೆ ಅತಿಥಿ ಎಂದರೆ ಬಂದ ದಿನ ಹೋಳಿಗೆ, ಮಾರನೆಯ ದಿನ ಉಪ್ಪಿಟ್ಟು, ಮೂರನೆಯ ದಿನ 'ಬಸ್ಸು ಎಷ್ಟೊತ್ತಿಗೆ?' ಎನ್ನುವ ಪ್ರಶ್ನೆ. ನಾನು ಈ ಮೂರನೆಯ ದಿನದ ಸ್ಥಿತಿಯಲ್ಲೇ ಹದಿನಾರು ವರ್ಷ ಕಳೆದಿದ್ದೇನೆ. ಮೊದಲು ಚನ್ನಗಿರಿ, ಆಮೇಲೆ ಹೊನ್ನಾಳಿ, ನಡುವೆ ನನ್ನೂರೇ ಆದ ನ್ಯಾಮತಿ, ಕೊನೆಗೆ ಜಗಳೂರು. ಪ್ರತಿ ವರ್ಷ ಅರ್ಜಿ, ಪ್ರತಿ ವರ್ಷ ಪಟ್ಟಿ, ಪ್ರತಿ ವರ್ಷ ಹೊಸ ಆದೇಶ. ಈ ನಡುವೆ ನಮ್ಮ ನ್ಯಾಮತಿ ಕೂತಲ್ಲೇ ಕೂತು ತಾಲ್ಲೂಕು ಕೇಂದ್ರವಾಯಿತು. ಒಂದು ಊರಿಗೇ ಬಡ್ತಿ ಸಿಕ್ಕಿತು, ನಾಲ್ಕು ಊರು ಸುತ್ತಿದ ನನಗೆ ಸಿಗಲಿಲ್ಲ. ನಮ್ಮ ಕೆಲಸವನ್ನು ಅಳೆಯುವುದು ಗಂಟೆಯಲ್ಲಿ. ವಾರಕ್ಕೆ ಇಷ್ಟು ಗಂಟೆ ಪಾಠವಿದ್ದರೆ ಅತಿಥಿಗೆ ಕುರ್ಚಿ. ಗಂಟೆ ಕಡಿಮೆಯಾದರೆ ಅತಿಥಿ ಮನೆಗೆ. ಹೀಗಾಗಿ ಗಂಟೆ ಎಂಬ ಮಾತು ಕಿವಿಗೆ ಬಿದ್ದರೆ, ಅದು ದೇವಸ್ಥಾನದ್ದೇ ಆಗಿರಲಿ, ನನ್ನ ಎದೆ ಡವಡವ ಎನ್ನುತ್ತದೆ.

ಜಗಳೂರಿಗೆ ಹಾಕಿದಾಗ ಬೆಳಗಿನ ಮೊದಲ ಬಸ್ಸಿಗೆ ನ್ಯಾಮತಿ ಬಿಟ್ಟು, ಹೊನ್ನಾಳಿ ದಾಟಿ, ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಕಾಲೇಜು ಮುಟ್ಟುತ್ತಿದ್ದೆ. ಬಸ್ಸಿನಲ್ಲಿ ಪಕ್ಕದವರು ಏನು ಕೆಲಸ ಎಂದು ಕೇಳಿಯೇ ಕೇಳುತ್ತಾರೆ. ಮೊದಮೊದಲು ಹೆಮ್ಮೆಯಿಂದ 'ಫೈನಾನ್ಸು' ಎನ್ನುತ್ತಿದ್ದೆ. ಒಂದು ದಿನ ಹೊನ್ನಾಳಿಯಲ್ಲಿ ಹತ್ತಿದ ಒಬ್ಬ ಗಟ್ಟಿ ಮೀಸೆಯವರು ಇದನ್ನು ಕೇಳಿದ್ದೇ ತಡ, ನನ್ನ ಕೈ ಹಿಡಿದುಕೊಂಡುಬಿಟ್ಟರು. 'ಸಾರ್, ದೇವ್ರು ಸಿಕ್ಕಂಗೆ ಸಿಕ್ರಿ. ನಮ್ಮ ತಮ್ಮನ ಬೈಕ್ ಮೊನ್ನೆ ಸೀಜ್ ಮಾಡ್ಕಂಡು ಹೋಗ್ಯಾರೆ. ನೀವೊಂದು ಫೋನ್ ಹೊಡೆದ್ರೆ ಬಿಡ್ತಾರೆ' ಎಂದರು. ನಾನು ಅದಲ್ಲ, ಪಾಠ ಮಾಡುವವನು ಎಂದೆ. ಅವರು ಕಣ್ಣು ದೊಡ್ಡದು ಮಾಡಿ, 'ಅದಕ್ಕೂ ಟ್ರೈನಿಂಗ್ ಕೊಡ್ತಾರಾ?' ಎಂದು ಕೈಬಿಟ್ಟು ದೂರ ಸರಿದರು. ಅವತ್ತೇ ನನಗೆ ಅರಿವಾದದ್ದು, ನಮ್ಮ ಈ ಸೀಮೆಯಲ್ಲಿ ಫೈನಾನ್ಸ್ ಎಂದರೆ ಒಂದು ವಿದ್ಯೆಯಲ್ಲ. ಕಂತು ತಪ್ಪಿದಾಗ ಮನೆ ಮುಂದೆ ಬಂದು ನಿಲ್ಲುವ ಇಬ್ಬರು ಗಂಡಸರು. ಇನ್ನು ಮ್ಯಾನೇಜ್‌ಮೆಂಟಿನ ಅರ್ಥವಂತೂ ಎಲ್ಲರಿಗೂ ಗೊತ್ತು. ಮಗಳ ಮದುವೆಗೆ ಅಡುಗೆ ಕಡಿಮೆ ಬಿದ್ದಾಗ ಸಾರಿಗೆ ನೀರು ಸುರಿದು, 'ಹೆಂಗೋ ಮ್ಯಾನೇಜ್ ಮಾಡಿದ್ವಿ' ಎನ್ನುತ್ತಾರಲ್ಲ, ಅದೇ. ಈ ಎರಡು ಮಾತು ಸೇರಿ ಒಂದು ಪದವಿ ವಿಷಯವಾದರೆ ಜನ ಏನು ತಿಳಿದುಕೊಂಡಾರು ಎಂದು ಯೋಚಿಸಿ, ಆಮೇಲಾಮೇಲೆ ಬಸ್ಸಿನಲ್ಲಿ ಯಾರಾದರೂ ಕೇಳಿದರೆ ಕನ್ನಡ ಮೇಷ್ಟ್ರು ಎನ್ನತೊಡಗಿದೆ.

ನಾನು ಜಗಳೂರಿಗೆ ಬಂದ ಎರಡನೆಯ ವರ್ಷ, ಅಂದರೆ ನನ್ನ ಅತಿಥಿತನದ ಹನ್ನೆರಡನೆಯ ವರ್ಷ, ಪ್ರಾಂಶುಪಾಲರು ಕರೆದರು. ಪ್ರಾಂಶುಪಾಲರು ಕರೆದರೆ ಎಲ್ಲರೂ ನಡೆದು ಹೋಗುತ್ತಾರೆ, ನಾನು ನಡುಗುತ್ತ ಹೋಗುತ್ತೇನೆ. ಅವರು ಒಳ್ಳೆಯವರೇ. ಕೆಟ್ಟ ಸುದ್ದಿಯನ್ನು ಕಾಫಿ ಕೊಟ್ಟೇ ಹೇಳುತ್ತಿದ್ದರು. ಕಾಫಿ ಬಂದಾಗಲೇ ನಾನು ಕುರ್ಚಿಯ ಕೈ ಹಿಡಿದುಕೊಂಡೆ. ಬಿ.ಕಾಂ. ಕೊನೆಯ ವರ್ಷದ ಹುಡುಗರು ಹಣಕಾಸು ನಿರ್ವಹಣೆಯನ್ನು ಆಯ್ದುಕೊಳ್ಳುತ್ತಿಲ್ಲ, ಎಲ್ಲರೂ ಕಂಪ್ಯೂಟರ್ ಅಕೌಂಟ್ಸ್ ಕಡೆ ಓಡುತ್ತಿದ್ದಾರೆ, ಹದಿನೈದು ಮಂದಿಯಾದರೂ ಸೇರದಿದ್ದರೆ ಆ ವಿಷಯವನ್ನೇ ಈ ವರ್ಷ ಮುಚ್ಚಬೇಕಾಗುತ್ತದೆ ಎಂದರು. ವಿಷಯ ಮುಚ್ಚಿದರೆ ಗಂಟೆಗಳಿಲ್ಲ. ಗಂಟೆಗಳಿಲ್ಲದಿದ್ದರೆ ನಾನಿಲ್ಲ. 'ಒಂದು ಕೆಲಸ ಮಾಡ್ರಿ. ಇದನ್ನ ಓದಿದ್ರೆ ಏನೇನು ಉದ್ಯೋಗ ಸಿಗ್ತಾವೆ ಅಂತ ಹುಡುಗರಿಗೆ ಚೆನ್ನಾಗಿ ಮನವರಿಕೆ ಮಾಡ್ರಿ. ನಿಮ್ಮಷ್ಟು ಅನುಭವ ಯಾರಿಗೈತೆ?' ಎಂದರು. ಉದ್ಯೋಗದ ವಿಚಾರದಲ್ಲಿ ನನ್ನ ಅನುಭವ ಎಂಥದ್ದು ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಇಬ್ಬರೂ ಸಭ್ಯರಾದ್ದರಿಂದ ಕಾಫಿ ಕುಡಿದೆವು.

ಆ ಭಾಷಣಕ್ಕೆ ನಾನು ಪಟ್ಟ ಪಾಡು ದೇವರಿಗೇ ಪ್ರೀತಿ. ಬ್ಯಾಂಕು, ವಿಮೆ, ಷೇರು ಮಾರುಕಟ್ಟೆ, ಮ್ಯೂಚುವಲ್ ಫಂಡು, ಲೆಕ್ಕ ಪರಿಶೋಧಕರ ಕಚೇರಿ, ತೆರಿಗೆ ಸಲಹೆ, ಸಹಕಾರ ಸಂಘದ ಕಾರ್ಯದರ್ಶಿ, ದೊಡ್ಡ ಕಂಪನಿಗಳಲ್ಲಿ ಯಾವ ಯೋಜನೆಗೆ ಎಷ್ಟು ಬಂಡವಾಳ ಹಾಕಬೇಕೆಂದು ಅಳೆದು ಹೇಳುವ ಅಧಿಕಾರಿ, ಹೀಗೆ ಒಂದೊಂದಾಗಿ ಬೋರ್ಡಿನ ಮೇಲೆ ಬರೆದೆ. ಬರೆಯುತ್ತ ಬರೆಯುತ್ತ ನನಗೇ ಗಾಬರಿಯಾಯಿತು. ಇಷ್ಟೊಂದು ಬಾಗಿಲುಗಳಿದ್ದ ಮನೆಯಲ್ಲಿ ನಾನೊಬ್ಬ ಹೇಗೆ ಹೊರಗೇ ಉಳಿದೆ? ನಾನೂ ಬ್ಯಾಂಕಿನ ಪರೀಕ್ಷೆ ಬರೆದವನೇ. ಅಡಿಕೆ ಮಂಡಿಯಲ್ಲಿ ಗುಮಾಸ್ತರಾಗಿದ್ದ ನಮ್ಮಪ್ಪ, 'ಕಾಮರ್ಸ್ ಓದಿದ್ರೆ ಬ್ಯಾಂಕು ಕಾಯ್ತಾ ಇರ್ತತೆ' ಎಂದು ನನ್ನನ್ನು ಚನ್ನಗಿರಿಯ ಕಾಲೇಜಿಗೆ ಸೇರಿಸಿದ್ದರು. ಬ್ಯಾಂಕು ಕಾದಿತ್ತೋ ಏನೋ, ನಾನು ಪರೀಕ್ಷೆಯ ಹಾಲಿನಲ್ಲಿ ಬೆಲ್ಲು ಹೊಡೆದಾಗಲೆಲ್ಲ ಬೆಚ್ಚಿ ಓದಿದ್ದನ್ನು ಮರೆಯುತ್ತಿದ್ದೆ. ಹುಡುಗರು ಎಲ್ಲವನ್ನೂ ಕೇಳಿಸಿಕೊಂಡು ಕೊನೆಗೆ ನಮ್ಮ ಜಿಲ್ಲೆಯ ಆ ಒಂದೇ ಪ್ರಶ್ನೆ ಕೇಳಿದರು: 'ಸ್ಕೋಪ್ ಐತಾ ಸಾರ್?' ನಮ್ಮಲ್ಲಿ ಡಿ.ಎಡ್. ಆಗಲಿ, ಡೀಸೆಲ್ ಮೆಕ್ಯಾನಿಕ್ ಆಗಲಿ, ಸ್ಕೋಪ್ ಇದ್ದರೆ ಅದು ವಿದ್ಯೆ, ಇಲ್ಲದಿದ್ದರೆ ಕಾಲಹರಣ. ನಾನು ಎದೆ ತಟ್ಟಿಕೊಂಡು 'ಇದೆ' ಎಂದೆ. ಸಂಜೆಯ ಹೊತ್ತಿಗೆ ಹದಿನಾಲ್ಕು ಹೆಸರು ಬಂದವು.

ಹದಿನಾಲ್ಕು! ಹದಿನೈದಕ್ಕೆ ಒಂದು ಕಡಿಮೆ. ನಾಲ್ಕು ಬಂದಿದ್ದರೆ ಕೈತೊಳೆದುಕೊಂಡು ಆರಾಮಾಗಿ ಮನೆಗೆ ಹೋಗುತ್ತಿದ್ದೆ. ಕೊನೆಯ ದಿನದ ಹಿಂದಿನ ದಿನ ಚೈತ್ರಾ ಎಂಬ ಹುಡುಗಿ ಬಾಗಿಲಲ್ಲಿ ನಿಂತು, 'ಸಾರ್, ನಂಗೆ ತಗಳಾಕೆ ಆಸೆ ಐತೆ. ನಮ್ಮಪ್ಪ ಬ್ಯಾಡ ಅಂತಾರೆ' ಎಂದಳು. ಹತ್ತಿರದ ಸೊಕ್ಕೆ ಎಂಬ ಹಳ್ಳಿಯಿಂದ ದಿನಾ ಬಸ್ಸಿಗೆ ಬಂದು ಹೋಗುವ ಹುಡುಗಿ. ಮಾತು ಕಡಿಮೆ, ಅಂಕ ಹೆಚ್ಚು. ನಾನು ಹಿಂದೆಮುಂದೆ ನೋಡದೆ ಮಾರನೆಯ ಬೆಳಿಗ್ಗೆ ಸೊಕ್ಕೆಯ ಬಸ್ಸು ಹತ್ತಿದೆ. ವಿದ್ಯಾರ್ಥಿನಿಯ ಭವಿಷ್ಯಕ್ಕಾಗಿ ಹೊರಟೆ ಎಂದು ಸಹೋದ್ಯೋಗಿಗಳಿಗೆ ಹೇಳಿದೆ. ಯಾರ ಭವಿಷ್ಯ ಎಂದು ಅವರು ಕೇಳಲಿಲ್ಲ.

ಚೈತ್ರಾಳ ತಂದೆ ತಿಪ್ಪೇಶಪ್ಪನವರು ಮನೆಯ ಮುಂದೆ ಕುರಿಗಳಿಗೆ ಸೊಪ್ಪು ಕಟ್ಟುತ್ತಿದ್ದರು. ಮೆಕ್ಕೆಜೋಳದ ಹೊಲ, ಅರವತ್ತು ಎಪ್ಪತ್ತು ಕುರಿ, ಮೈಗೊಪ್ಪುವ ಗಾಂಭೀರ್ಯದ ಮನುಷ್ಯ. ನನ್ನನ್ನು ನೋಡಿ, 'ಬರ್ರಿ ಸಾರ್, ಕುಂತ್ಕಳ್ರಿ. ಹುಡುಗಿ ಏನಾರ ತಪ್ಪು ಮಾಡ್ಯಾಳಾ?' ಎಂದರು. ಇಲ್ಲ ಎಂದು ಬಂದ ವಿಷಯ ಹೇಳಿದೆ. ಫೈನಾನ್ಸ್ ಎಂಬ ಮಾತು ಬಾಯಿಂದ ಬಿದ್ದದ್ದೇ ಅವರ ಮುಖ ಬಿಗಿಯಿತು.

'ಅದೊಂದು ಬ್ಯಾಡ್ರಿ ಸಾರ್. ಬ್ಯಾರೆ ಏನಾರ ಓದ್ಲಿ. ನಾಳೆ ಗಂಡಿನ ಕಡೇರು ಬಂದು ಹುಡುಗಿ ಏನ್ ಓದ್ಯಾಳೆ ಅಂತಾರೆ. ಫೈನಾನ್ಸು ಅಂದ್ರೆ ಕುಡಿಯೋ ಚಾ ಕೆಳಗಿಟ್ಟು ಎದ್ದು ಹೋಗ್ತಾರೆ. ಹೋದ್ವರ್ಷ ಇದೇ ಬೀದಿಯಾಗೆ ನಮ್ಮ ಅಣ್ಣನ ಮಗನ ಬೈಕ್ ಎಳಕಂಡು ಹೋದ್ರು ನೋಡ್ರಿ. ಅವ್ರೂ ಹಿಂಗೇ ಇದ್ರು.'

'ಹೀಗೇ ಅಂದರೆ?'

'ಹಿಂಗೇ. ಇನ್‌ಶರ್ಟ್ ಮಾಡ್ಕಂಡು, ಹೆಗಲಿಗೊಂದು ಬ್ಯಾಗ್ ಹಾಕ್ಕಂಡು, ನಗ್ತಾ ನಗ್ತಾ ಬಂದ್ರು.'

ನಾನು ನಗುವುದನ್ನು ನಿಲ್ಲಿಸಿದೆ. ಬ್ಯಾಗನ್ನು ಕಟ್ಟೆಯ ಹಿಂದಕ್ಕೆ ತಳ್ಳಿದೆ. ಅಂಗಿಯನ್ನೂ ಮೆಲ್ಲಗೆ ಪ್ಯಾಂಟಿನಿಂದ ಹೊರಗೆಳೆದುಕೊಂಡೆ. ಬೀದಿಯ ಆಚೆ ಒಬ್ಬಾತ ತನ್ನ ಬೈಕನ್ನು ಹಿತ್ತಲಿಗೆ ತಳ್ಳಿಕೊಂಡು ಹೋಗುತ್ತಿದ್ದುದು ಆಗ ಕಣ್ಣಿಗೆ ಬಿತ್ತು. ನಾನು ಬಂದಾಗಿನಿಂದ ಆ ಬೀದಿಯಲ್ಲಿ ಒಂದೂ ಬೈಕು ಕಾಣದಿದ್ದಕ್ಕೆ ಕಾರಣ ನಾನೇ ಎಂದು ಹೊಳೆಯಿತು.

ಮನೆಯಾಕೆ ಮಜ್ಜಿಗೆ ತಂದುಕೊಟ್ಟರು. ಅದನ್ನು ಕುಡಿದು ಧೈರ್ಯ ಮಾಡಿ, ನಾನು ಕಲಿಸುವುದು ಅದಲ್ಲ, ಇರುವ ದುಡ್ಡನ್ನು ಎಲ್ಲಿ ಹಾಕಬೇಕು, ಹಾಕಿದ್ದು ಎಷ್ಟು ಕಾಲಕ್ಕೆ ಮರಳಿ ಬರುತ್ತದೆ, ನಡುವೆ ಕೆಟ್ಟರೆ ಎಷ್ಟು ಕೆಡುತ್ತದೆ ಎಂದು ಮೊದಲೇ ಅಂದಾಜು ಹಾಕುವುದು ಎಂದು ವಿವರಿಸಿದೆ. ಕಾಲೇಜಿನಲ್ಲಿ ಇದಕ್ಕೆ ಒಂದು ಸೆಮಿಸ್ಟರ್ ಹಿಡಿಯುತ್ತದೆ. ತಿಪ್ಪೇಶಪ್ಪನವರು ಸೊಪ್ಪಿನ ಕಟ್ಟು ಬಿಗಿಯುತ್ತಲೇ, 'ಅಂದ್ರೆ ಮರಿ ತರೋದ್ರಂಗೆ. ಮರಿಗೆ ಎಷ್ಟು ಕೊಡ್ಬೇಕು, ಎಷ್ಟು ತಿಂಗ್ಳು ಮೇಯಿಸ್ಬೇಕು, ರೋಗ ಬಂದ್ರೆ ಎಷ್ಟು ಹೋಗ್ತಾವೆ, ಎಲ್ಲಾ ಒಂದೇ ಸಂತೆಗೆ ಹೊಡಿಬಾರ್ದು, ಕೊನೀಗೆ ಕೈಯಾಗೆ ಎಷ್ಟು ಉಳಿತೈತೆ. ಇದೇನಾ?' ಎಂದರು. ನಾನು ಬಾಯಿ ತೆರೆದು ಕೂತೆ. ಇದೇ ಎಂದೆ. 'ಇದ್ನ ಕಲಿಯಾಕೆ ಕಾಲೇಜಿಗೆ ಯಾಕ್ ಹೋಗ್ಬೇಕ್ರಿ?' ಎಂದರು. ನಾನು ಇನ್ನೊಂದು ಲೋಟ ಮಜ್ಜಿಗೆ ಕೇಳಿದೆ.

ಹದಿನೈದನೆಯ ಹೆಸರು ಕಣ್ಣೆದುರಿಗೇ ಕೈಜಾರುತ್ತಿತ್ತು. ಆಗ ಬಾಯಿಗೆ ಬಂದದ್ದನ್ನು ಹೇಳಿದೆ: 'ಫೈನಾನ್ಸ್ ಅನ್ನಬೇಡಿ ಬಿಡಿ. ಕನ್ನಡದಲ್ಲಿ ಹಣಕಾಸು ಅನ್ನಿ.'

ತಿಪ್ಪೇಶಪ್ಪನವರ ಕೈ ನಿಂತಿತು. 'ಹಣಕಾಸಾ? ಹಣಕಾಸು ಮಂತ್ರಿ ಅಂತ ಇರ್ತಾರಲ್ರೀ, ಬಜೆಟ್ ಓದಾಕೆ ಬರ್ತಾರಲ್ಲ, ಆ ಹಣಕಾಸಾ?'

'ಅದೇ.'

'ಹಂಗಂತ ಮೊದ್ಲೇ ಹೇಳಬಾರ್ದೇನ್ರಿ! ಫೈನಾನ್ಸು, ಫೈನಾನ್ಸು ಅಂತ ಹೆದರಿಸಿಬಿಟ್ರಲ್ಲ' ಎಂದವರೇ ಒಳಗೆ ತಿರುಗಿ, 'ಏ ಇವಳೇ, ನಮ್ಮ ಚೈತ್ರಾ ಮಂತ್ರಿಗಳ ಓದು ಓದ್ತಾಳಂತೆ, ಸಾರ್‌ಗೆ ಊಟಕ್ಕೆ ಇಡು' ಎಂದು ಕೂಗಿದರು. ಹೀಗೆ ಒಂದು ಕನ್ನಡ ಪದ ನನ್ನ ವಾರದ ಎಂಟು ಗಂಟೆಗಳ ಪಾಠವನ್ನು ಉಳಿಸಿತು. ರೊಟ್ಟಿ, ಕಾಳುಪಲ್ಯ ಉಂಡು, ಅಂಗಿ ಹೊರಗೇ ಬಿಟ್ಟುಕೊಂಡು, ಗೆದ್ದ ಉತ್ಸಾಹದಲ್ಲಿ ಬಸ್ಸು ಹತ್ತಿದೆ.

ಆ ವರ್ಷ ನಾನು ಮಾಡಿದಷ್ಟು ಚೆನ್ನಾಗಿ ಪಾಠವನ್ನು ಇನ್ಯಾವ ವರ್ಷವೂ ಮಾಡಿಲ್ಲ. ಚೈತ್ರಾ ಮೊದಲ ಬೆಂಚಿನಲ್ಲಿ ಕೂತು ನಾನು ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದಳು. ಅಂಥ ಒಬ್ಬರು ಎದುರಿಗಿದ್ದರೆ ಮೇಷ್ಟ್ರಿಗೆ ಒಂದು ಅಮಲು ಏರುತ್ತದೆ. ಗೊತ್ತಿಲ್ಲದ್ದೂ ಗೊತ್ತಿದೆ ಅನ್ನಿಸತೊಡಗುತ್ತದೆ. ಅವಳು ಬಿ.ಕಾಂ.ನಲ್ಲಿ ತರಗತಿಗೇ ಮೊದಲು ಬಂದಳು, ಎಂ.ಕಾಂ. ಮಾಡಲು ದಾವಣಗೆರೆಗೆ ಹೋದಳು. ಹಬ್ಬಕ್ಕೆ ತಪ್ಪದೆ ಫೋನ್ ಮಾಡುತ್ತಿದ್ದಳು. ನಾನೂ ಬ್ಯಾಂಕಿನ ಪರೀಕ್ಷೆಗೆ ಕಟ್ಟು, ಷೇರು ಕಂಪನಿಗೆ ಅರ್ಜಿ ಹಾಕು ಎಂದು ಬೋರ್ಡಿನ ಮೇಲಿದ್ದ ಪಟ್ಟಿಯನ್ನೇ ಫೋನಿನಲ್ಲಿ ಓದುತ್ತಿದ್ದೆ. ಹೀಗೆ ನಾಲ್ಕು ವರ್ಷ ಕಳೆಯಿತು. ಒಂದು ದಿನ ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಫೋನ್ ಬಂತು.

'ಸಾರ್, ನಾನ್ರೀ, ಸೊಕ್ಕೆ ತಿಪ್ಪೇಶಪ್ಪ. ನಮ್ಮ ಚೈತ್ರಾಗೆ ಕೆಲಸ ಸಿಕ್ತ್ರಿ!'

'ಭಾಳ ಸಂತೋಷ! ಬ್ಯಾಂಕಿನಲ್ಲಾ?'

'ಇಲ್ರೀ ಸಾರ್. ನಿಮ್ಮ ಕೆಲಸಾನೇ ಸಿಕ್ಕೈತ್ರಿ.'

'ಓಹೋ, ಮೇಷ್ಟ್ರ ಕೆಲಸ! ಒಳ್ಳೆಯದಾಯಿತು. ಯಾವ ಊರಲ್ಲಿ?'

'ಅದ್ನೇ ಹೇಳಿದ್ನಲ್ರೀ. ನಿಮ್ಮ ಕೆಲಸಾನೇ. ನಮ್ಮ ಜಗಳೂರು ಕಾಲೇಜಿನಾಗೆ.'

ಬಾಯಿಯ ಪೇಸ್ಟು ನುಂಗಿದೆ. ಆ ವರ್ಷದ ಪಟ್ಟಿಯನ್ನು ನಾನಿನ್ನೂ ನೋಡಿರಲಿಲ್ಲ. ಉಪನ್ಯಾಸಕರ ಅರ್ಹತೆಗೆಂದು ನಡೆಸುವ ನೆಟ್ ಪರೀಕ್ಷೆ ಪಾಸಾದವರು ಪಟ್ಟಿಯಲ್ಲಿ ಮೇಲೆ, ಆಗದವರು ಕೆಳಗೆ. ನೆಟ್ ಎಂದರೆ ಬಲೆ ತಾನೇ? ನಾನು ಒಂಬತ್ತು ಸಲ ಬರೆದಿದ್ದೇನೆ, ಒಂಬತ್ತು ಸಲವೂ ಬಲೆಯ ಕಣ್ಣಿನ ಸಂದಿಯಲ್ಲಿ ನುಸುಳಿ ಪಾರಾಗಿದ್ದೇನೆ. ಚೈತ್ರಾ ಮೊದಲನೆಯ ಸಲಕ್ಕೇ ಸಿಕ್ಕಿಬಿದ್ದಿದ್ದಳು. ಊರಿಗೆ ಹತ್ತಿರವೆಂದು ಜಗಳೂರನ್ನು ಆರಿಸಿಕೊಂಡಿದ್ದಳು, ಪಾಪ. ತಿಪ್ಪೇಶಪ್ಪನವರು, 'ಈ ಸಲ ನಿಮಗೆ ಮನೆ ಹತ್ರಾನೇ ಸಿಕ್ಕಿರ್ತೈತೆ, ಅದ್ಕೇ ಜಗಳೂರು ಖಾಲಿ ಬಿದ್ದೈತೆ ಅಂತ ಹುಡುಗಿ ಅಂತಿದ್ಲು. ಹತ್ರಾನೇ ಸಿಕ್ತೇನ್ರಿ?' ಎಂದು ಕೇಳಿದರು. 'ಹೌದು, ಬಹಳ ಹತ್ತಿರ' ಎಂದೆ. ಸುಳ್ಳಲ್ಲ. ಅವತ್ತಿನಿಂದ ನಾನು ಮನೆಯಲ್ಲೇ ಇದ್ದೇನೆ.

ಮೊದಲ ವಾರ ನನಗೆ ದುಃಖವಾಯಿತು, ಸಿಟ್ಟೂ ಬಂತು. ಯಾರ ಮೇಲೆ ಎಂದು ಹುಡುಕಿದರೆ ಯಾರೂ ಸಿಗಲಿಲ್ಲ. ಇದು ಎಂಥ ಉದ್ಯೋಗ ಮಾರ್ಗದರ್ಶನ ಸ್ವಾಮಿ! ಉಳಿದ ಹದಿನಾಲ್ಕು ಜನರಲ್ಲಿ ಒಬ್ಬ ಬ್ಯಾಂಕಿನಲ್ಲಿದ್ದಾನೆ, ಇಬ್ಬರು ವಿಮೆಯಲ್ಲಿದ್ದಾರೆ, ಒಬ್ಬಳು ಸಹಕಾರ ಸಂಘದಲ್ಲಿದ್ದಾಳೆ. ನಾನು ತೋರಿಸಿದ ದಾರಿಯಲ್ಲಿ ಎಲ್ಲರೂ ನೆಟ್ಟಗೆ ಹೋದರು. ಇವಳೊಬ್ಬಳು ದಾರಿ ತೋರಿಸುತ್ತಿದ್ದ ಕೈಯನ್ನೇ ನೋಡುತ್ತ ಕೂತಿದ್ದಳು. ಎರಡನೆಯ ವಾರಕ್ಕೆ ನನಗೊಂದು ಸಮಾಧಾನ ಹೊಳೆಯಿತು. ನಾನು ಪಾಠವನ್ನು ಅತಿಯಾಗಿ ಚೆನ್ನಾಗಿ ಮಾಡಿದ್ದೇ ಇದಕ್ಕೆಲ್ಲ ಕಾರಣ. ಈ ಮಾತು ನನಗೆ ಎಷ್ಟು ಹಿಡಿಸಿತೆಂದರೆ, ಹಾಲಿನವನಿಗೆ ಹೇಳಿದೆ, ಕ್ಷೌರದ ಅಂಗಡಿಯಲ್ಲಿ ಹೇಳಿದೆ, ಭಾವಮೈದುನನ ಬೀಜ-ಗೊಬ್ಬರದ ಅಂಗಡಿಯಲ್ಲಿ ಗಲ್ಲಾದ ಹಿಂದೆ ಕೂತು ಯೂರಿಯಾ ಕೊಳ್ಳಲು ಬಂದವರಿಗೂ ಹೇಳಿದೆ. ಹೆಂಡತಿ ಕೇಳಿ ಕೇಳಿ ಸಾಕಾಗಿ, 'ಅಷ್ಟು ಚೆನ್ನಾಗಿ ಗೊತ್ತಿದ್ರೆ ಒಂದು ಸಲ ನಿಮಗೆ ನೀವೇ ಪಾಠ ಮಾಡ್ಕಳ್ರಿ, ನೆಟ್ ಪಾಸಾಗ್ಲಿ' ಎಂದಳು. ಅವಳಿಗೆ ಶಿಕ್ಷಣದ ಸೂಕ್ಷ್ಮ ತಿಳಿಯದು ಎಂದು ಸುಮ್ಮನಾದೆ.

ನಾನು ಮನೆಯಲ್ಲೇ ಇರುವ ಸಂಗತಿ ಚೈತ್ರಾಗೆ ಗೊತ್ತಾದದ್ದು ಒಂದು ತಿಂಗಳ ನಂತರ. ಫೋನಿನಲ್ಲಿ ಅತ್ತೇಬಿಟ್ಟಳು. 'ಸಾರ್, ನಂಗೆ ಗೊತ್ತೇ ಇರ್ಲಿಲ್ಲ ಸಾರ್, ಬಿಟ್ಬಿಡ್ತೀನಿ ಸಾರ್' ಎಂದಳು. ನೀನು ಬಿಟ್ಟರೆ ಪಟ್ಟಿಯಲ್ಲಿ ನಿನ್ನ ಕೆಳಗಿರುವವರು ಬರುತ್ತಾರೆ, ನನ್ನ ಸರದಿ ಬರುವ ಹೊತ್ತಿಗೆ ನನಗೆ ನಿವೃತ್ತಿಯ ವಯಸ್ಸಾಗಿರುತ್ತದೆ, ಸುಮ್ಮನೆ ಪಾಠ ಮಾಡು ಎಂದು ಗದರಿದೆ. ಗದರಿದ ಮೇಲೆ ಮನಸ್ಸು ಹಗುರವಾಯಿತು. ಹುಡುಗಿಯ ಮೇಲೆ ಪ್ರೀತಿಯೂ ಹೆಚ್ಚಾಯಿತು. ಅದೇ ಭರದಲ್ಲಿ, ಹದಿನಾರು ವರ್ಷ ನಾನು ಪಾಠ ಮಾಡಿದ ದಪ್ಪ ನೋಟ್‌ಬುಕ್ಕಿಗೆ ಕಂದು ಕಾಗದದ ರಟ್ಟು ಹಾಕಿ ಅವಳಿಗೆ ಕಳಿಸಿಕೊಟ್ಟೆ. ರಾಜ್ಯ ಬಿಟ್ಟುಕೊಟ್ಟವನು ಕತ್ತಿಯನ್ನೂ ಕೊಟ್ಟುಬಿಟ್ಟ ಹಾಗೆ ಎಂದು ನನಗೆ ನಾನೇ ಹೇಳಿಕೊಂಡೆ.

ಈ ವರ್ಷ ಅವಳಿಂದ ಮತ್ತೆ ಫೋನ್. ಹಣಕಾಸು ನಿರ್ವಹಣೆಗೆ ಒಂಬತ್ತೇ ಹೆಸರು ಬಂದಿವೆಯಂತೆ. ಹದಿನೈದಾಗದಿದ್ದರೆ ಅವಳ ಗಂಟೆಗಳು ಹೋಗುತ್ತವೆ. 'ಉದ್ಯೋಗಾವಕಾಶದ ಬಗ್ಗೆ ನೀವೇ ಬಂದು ಮಾತಾಡ್ಬೇಕು ಸಾರ್. ನಿಮ್ಮಂಗೆ ಹೇಳಾಕೆ ನಂಗೆ ಬರಲ್ಲ' ಎಂದಳು. ಕೆಲಸ ಕಳೆದುಕೊಂಡವನನ್ನು ಉದ್ಯೋಗಾವಕಾಶದ ಬಗ್ಗೆ ಮಾತಾಡಲು ಕರೆಯುವುದು ನಮ್ಮ ದೇಶದಲ್ಲಿ ಮಾತ್ರ ಸಾಧ್ಯ. ಹೆಂಡತಿ, 'ಹೋಗ್ರಿ, ಶಾಲು ಹಾಕ್ತಾರೆ, ಚಳಿಗಾಲಕ್ಕಾಯ್ತು' ಎಂದಳು. ಹೋದೆ.

ಚೈತ್ರಾ ಸೀರೆಯುಟ್ಟು ಮೈಕಿನ ಮುಂದೆ ನಿಂತು ನನ್ನನ್ನು ಪರಿಚಯಿಸಿದಳು. 'ಇವರು ನನ್ನ ಗುರುಗಳು. ಇವರು ಅವತ್ತು ನಮ್ಮ ಮನೆಗೆ ಬಂದು ನಮ್ಮ ತಂದೆಯವರನ್ನು ಒಪ್ಪಿಸದಿದ್ದರೆ ನಾನು ಇವತ್ತು ಈ ಜಾಗದಲ್ಲಿ ನಿಂತಿರುತ್ತಿರಲಿಲ್ಲ' ಎಂದಳು. ಅಪ್ಪಟ ನಿಜ. ಅವಳು ಈ ಜಾಗದಲ್ಲಿ ನಿಂತಿರದಿದ್ದರೆ ನಾನು ನಿಂತಿರುತ್ತಿದ್ದೆ. ಹುಡು‌ಗರು ಚಪ್ಪಾಳೆ ಹೊಡೆದರು. ನಾನೂ ಹೊಡೆದೆ. ಆಮೇಲೆ ಎದ್ದು ಮುಕ್ಕಾಲು ಗಂಟೆ ಮಾತಾಡಿದೆ. ಫೈನಾನ್ಸ್ ಎಂಬ ಪದವನ್ನು ಒಮ್ಮೆಯೂ ಬಳಸಲಿಲ್ಲ. ಸ್ಕೋಪ್ ಐತಾ ಎಂದು ಒಬ್ಬ ಕೇಳಿದಾಗ ಚೈತ್ರಾಳ ಕಡೆ ಕೈ ತೋರಿಸಿದೆ. ಹತ್ತೊಂಬತ್ತು ಹೆಸರು ಬಂದವು. ಅವಳ ಗಂಟೆಗಳು ಉಳಿದವು. ನನಗೆ ಶಾಲೂ ಬಂತು.

ಸ್ಟಾಫ್ ರೂಮಿನಲ್ಲಿ ನನ್ನ ಹಳೆಯ ಕುರ್ಚಿಯಲ್ಲಿ ನನ್ನನ್ನು ಕೂರಿಸಿ, ತಾನು ನಿಂತೇ ಚಹಾ ಕೊಟ್ಟಳು. ನಾನು ಹಿಗ್ಗಿ, 'ನೋಡು ಚೈತ್ರಾ, ನಾನು ಪಾಠ ಮಾಡಿದ್ದು ಅತಿಯಾಗಿ ಚೆನ್ನಾಗಾಯಿತು, ಅದೇ ನನಗೆ ಮುಳುವಾಯಿತು' ಎಂದು ನನ್ನ ಮಾತನ್ನು ಅವಳಿಗೂ ಬಡಿಸಿದೆ. ಅವಳು ಯಾಕೋ ನಗಲಿಲ್ಲ. ಮೇಜಿನ ಖಾನೆಯಿಂದ ಕಂದು ರಟ್ಟಿನ ನೋಟ್‌ಬುಕ್ಕು ತೆಗೆದು, ಸೆರಗು ಸರಿಮಾಡಿಕೊಂಡು, 'ಸಾರ್, ಒಂದ್ ಮಾತು ಕೇಳ್ಲಾ? ಬೇಜಾರ್ ಮಾಡ್ಕಬಾರ್ದು' ಎಂದಳು.

'ಕೇಳಮ್ಮ.'

'ಐದನೇ ಅಧ್ಯಾಯದಾಗೆ ಲಾಭದಾಗಿಂದ ಸವಕಳಿ ಕಳೀತೀರಿ. ತೆರಿಗೆ ಕಳೆದ ಮೇಲೆ ಅದನ್ನ ವಾಪಸ್ ಕೂಡಿಸಿಲ್ಲ ಸಾರ್.'

ಸವಕಳಿ ಎಂದರೆ ಬಹಳ ಸರಳ. ಒಂದು ಕಾರ್ಖಾನೆಯವರು ಯಂತ್ರ ಕೊಳ್ಳುತ್ತಾರೆ. ಅದು ವರ್ಷವರ್ಷವೂ ಸವೆಯುತ್ತದೆ ಎಂದು ಲೆಕ್ಕದಲ್ಲಿ ಒಂದಿಷ್ಟು ಕಳೆಯುತ್ತಾರೆ. ನಾನು ಹದಿನಾರು ವರ್ಷ ಅದನ್ನು ಕಳೆದು, ಉಳಿದದ್ದೇ ಕೈಗೆ ಬಂದ ದುಡ್ಡು ಎಂದು ಗೆರೆ ಎಳೆದು, ಉತ್ತರದ ಸುತ್ತ ಚೌಕದ ಡಬ್ಬಿ ಹಾಕಿಸಿದ್ದೆ. 'ಅದು ಕಾಗದದ ಮೇಲೆ ಹೋಗೋದಲ್ರಾ ಸಾರ್? ಕೈಯಿಂದ ಯಾರಿಗೂ ಕೊಟ್ಟಿರಲ್ಲ. ಕೊನೀಗೆ ಕೂಡಿಸ್ಕಬೇಕು' ಎಂದಳು. ಹೌದಲ್ಲ! ಕುರಿ ಮೇಯಿಸುವವರಿಗೂ ತಿಳಿಯುವ ಮಾತು. ನಾನು ಚನ್ನಗಿರಿಯಲ್ಲಿ ಓದುವಾಗ ಗೆಳೆಯನ ನೋಟ್ಸ್ ನೋಡಿ ಬರೆದುಕೊಂಡವನು; ಪುಟ ತಿರುಗಿಸುವಾಗ ಕೊನೆಯ ಸಾಲು ಬಿಟ್ಟುಹೋಗಿರಬೇಕು. ಒಮ್ಮೆ ಮೌಲ್ಯಮಾಪನಕ್ಕೆ ಹೋದಾಗ ಅವರು ಕೊಟ್ಟ ಮಾದರಿ ಉತ್ತರ ಬೇರೆಯಿದ್ದದ್ದು ಕಂಡು, ಅಚ್ಚಿನ ದೋಷವಿದೆ ಎಂದು ಮೇಜು ಕುಟ್ಟಿ ವಾದಿಸಿದ್ದೆ ಕೂಡ.

'ನಿನಗೆ ಇದು ಯಾವಾಗ ಗೊತ್ತಾಯಿತು?' ಎಂದೆ.

'ಎಂ.ಕಾಂ. ಮೊದಲನೇ ಟೆಸ್ಟ್‌ನಾಗೆ ಸೊನ್ನೆ ಬಂತು ಸಾರ್. ಆವಾಗ. ನಾನೇ ಬರ್ಕಳಾಗ ಒಂದ್ ಸಾಲು ಬಿಟ್ಟೀನಿ ಅನ್ಕಂಡಿದ್ದೆ. ನಿಮ್ಮ ನೋಟ್ಸ್ ನೋಡೋತನಕ ಹಂಗೇ ಅನ್ಕಂಡಿದ್ದೆ.'

ನಾಲ್ಕು ವರ್ಷ ನನ್ನ ತಪ್ಪನ್ನು ತನ್ನದೆಂದು ಇಟ್ಟುಕೊಂಡಿದ್ದಳು ಹುಡುಗಿ. ಬಸ್ಸಿನಲ್ಲಿ ಶಾಲು ಮಡಿಲಲ್ಲಿಟ್ಟುಕೊಂಡು ಕೂತಾಗ ಇನ್ನೊಂದು ನೆನಪಾಗಿ ನಾನು ಎಷ್ಟು ಜೋರಾಗಿ ಬೆಚ್ಚಿದೆನೆಂದರೆ ಕಂಡಕ್ಟರ್ ಯಾವ ಸ್ಟಾಪು ಎಂದು ಕೇಳಿದ. ನೆಟ್ ಪರೀಕ್ಷೆಯಲ್ಲಿ ಈ ಲೆಕ್ಕ ಹೆಚ್ಚುಕಡಿಮೆ ಪ್ರತಿ ಸಲವೂ ಬರುತ್ತಿತ್ತು. ಅದು ಕಂಡ ಕೂಡಲೇ ನನಗೆ ಹಾಲು ಕುಡಿದಷ್ಟು ಸಂತೋಷವಾಗಿ, ಎಲ್ಲಕ್ಕಿಂತ ಮೊದಲು ಅದನ್ನೇ ಬರೆಯುತ್ತಿದ್ದೆ. ಒಂಬತ್ತರಲ್ಲಿ ಮೂರು ಸಲ ನಾನು ತಪ್ಪಿಸಿಕೊಂಡದ್ದು ಒಂದೇ ಒಂದು ಪ್ರಶ್ನೆಯ ಅಂಕದಿಂದ. ಆ ಪ್ರಶ್ನೆ ಯಾವುದಿರಬಹುದೆಂದು ಹೊನ್ನಾಳಿಯಿಂದ ನ್ಯಾಮತಿಯವರೆಗೂ ಯೋಚಿಸಬೇಕಾದ ಅಗತ್ಯವಿರಲಿಲ್ಲ.

ಹಾಲಿನವನಿಗೆ, ಕ್ಷೌರದ ಅಂಗಡಿಯವನಿಗೆ, ಯೂರಿಯಾ ಗಿರಾಕಿಗಳಿಗೆ ನಾನಿನ್ನೂ ಇದನ್ನು ಹೇಳಿಲ್ಲ. ಹೆಂಡತಿಗಂತೂ ಹೇಳುವ ಧೈರ್ಯವಿಲ್ಲ. ನಿಮಗೆ ಮಾತ್ರ ಹೇಳುತ್ತಿದ್ದೇನೆ. ಯಾಕೆಂದರೆ ಹದಿನಾರು ವರ್ಷ ನಾನು ತಯಾರು ಮಾಡಿದವರು ಈಗ ಬ್ಯಾಂಕು, ಸಂಘ, ಕಚೇರಿಗಳಲ್ಲಿ ಕೂತು ಯಾವ ಯೋಜನೆಗೆ ದುಡ್ಡು ಹಾಕಬಹುದು, ಯಾವುದಕ್ಕೆ ಬೇಡ ಎಂದು ಅಳೆಯುತ್ತಿದ್ದಾರೆ. ನನ್ನ ಲೆಕ್ಕದಲ್ಲಿ ಕೈಯಲ್ಲಿರುವುದು ಯಾವಾಗಲೂ ಇರುವುದಕ್ಕಿಂತ ಕಡಿಮೆಯೇ ಕಾಣುತ್ತದೆ. ಆದ್ದರಿಂದ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ತಾಲ್ಲೂಕುಗಳಲ್ಲಿ ನಿಮ್ಮ ಹೋಟೆಲನ್ನೋ ಹಿಟ್ಟಿನ ಗಿರಣಿಯನ್ನೋ ನಷ್ಟದ ಬಾಬತ್ತೆಂದು ಯಾರಾದರೂ ಗೆರೆ ಎಳೆದು ಡಬ್ಬಿ ಹಾಕಿ ಕಳಿಸಿದ್ದರೆ, ದಯವಿಟ್ಟು ಎದೆಗುಂದಬೇಡಿ, ಇನ್ನೊಮ್ಮೆ ಲೆಕ್ಕ ಹಾಕಿಸಿ. ನನ್ನ ಹತ್ತಿರ ಬರಬೇಡಿ. ಜಗಳೂರಿನಲ್ಲಿ ಚೈತ್ರಾ ಮೇಡಂ ಎಂದು ಕೇಳಿ, ಯಾರಾದರೂ ತೋರಿಸುತ್ತಾರೆ.